‘ರೈಟ್’ ಅಂದ ಮೇಲೆ

೧
ಎಲ್ಲಿಂದ ಶುರು ಮಾಡಲಿ? ಡೈವಾ ಬಾಗಿಲ ಬಳಿ ಕೋಟು ತೊಟ್ಟು ಒಬ್ಬಳೇ ನಿಂತಿರುವಲ್ಲಿಂದ ಶುರು ಮಾಡಿದರೆ ನೀವು ಈಗಲೇ ಅತ್ತೆಯನ್ನು ಬೈಯುತ್ತೀರಿ. ಅತ್ತೆ ಎಂದರೆ ಸಾಕು, ನಿಮಗೆ ಕಾರಣವೇ ಬೇಡ. ಆದ್ದರಿಂದ ಚಹಾದಿಂದ ಶುರು ಮಾಡುತ್ತೇನೆ. ಇಂಗ್ಲೆಂಡಿನ ಈ ಹ್ಯಾಲಿಫ್ಯಾಕ್ಸಿನಲ್ಲಿ ಇಷ್ಟು ವರ್ಷ ಕಳೆದವನಿಗೆ ಬೇರೆ ಆರಂಭ ಹೊಳೆಯುವುದೂ ಇಲ್ಲ.

ಭಾನುವಾರ, ಎನಿಡ್ ಸಗ್ಡೆನ್ ಅವರ ಮನೆ. ಮಗ ಗ್ಯಾರೆತ್ ತನ್ನ ಹೊಸ ಹೆಂಡತಿ, ಲಿಥುವೇನಿಯಾದ ಡೈವಾಳ ಜೊತೆ ಊಟಕ್ಕೆ ಬಂದಿದ್ದಾನೆ. ಊಟವಾಯಿತು, ಚಹಾ ಆಯಿತು. ಗ್ಯಾರೆತ್ ಎರಡೂ ತೊಡೆ ತಟ್ಟಿ ‘ರೈಟ್’ ಎಂದ.

ಡೈವಾ ಎದ್ದು ಕೋಟು ಹಾಕಿಕೊಂಡಳು. ಗ್ಯಾರೆತ್ ಏಳಲಿಲ್ಲ.

೨
(ಅವಳ ತಪ್ಪೇನು? ‘ರೈಟ್’ ಅಂದರೆ ಹೊರಡು ಅಂತ ನಮ್ಮ ಕಂಡಕ್ಟರೂ ಹೇಳುತ್ತಾನೆ. ಆದರೆ ಆ ಮಾತಿಗೆ ನಮ್ಮ ಬಸ್ಸು ಹೊರಡುತ್ತದೆ, ಈ ಜನ ಹೊರಡುವುದಿಲ್ಲ. ‘ರೈಟ್’ ಅಂದು ಹಾಗೇ ಕೂತು, ಪಕ್ಕದ ಮನೆಯ ಬೇಲಿ, ಯಾರದೋ ಸೊಂಟದ ಆಪರೇಷನ್, ಎಲ್ಲ ಮುಗಿಸಿ, ಇನ್ನೊಮ್ಮೆ ‘ರೈಟ್’ ಅಂದು ಮತ್ತೆ ಚಹಾ ಕುಡಿಯುತ್ತಾರೆ.)

ಪ್ರತಿ ಭಾನುವಾರವೂ ಇದೇ. ಕೊನೆಗೆ ಎನಿಡ್ ಮಗನನ್ನು ಅಡುಗೆಮನೆಗೆ ಕರೆದು ಹೇಳಿದರು: “ಅವಳಿಗೆ ನಮ್ಮನೆ ಸೇರಲ್ಲ ಕಣೋ. ಚಹಾ ಮುಗೀತಿದ್ದಂಗೆ ಕೋಟು! ಬಲವಂತ ಯಾಕೆ? ಮುಂದಿನ ವಾರ ನೀನೊಬ್ನೇ ಬಾ.”

ಬಾಗಿಲ ಬಳಿ ಕೋಟು ತೊಟ್ಟು ನಿಂತಿದ್ದ ಡೈವಾಗೆ ಅದು ಕೇಳಿಸಿತು.

೩ (ಹರಿದು ಹಾಕಿದ್ದು)
ಡೈವಾ ಬಸ್ಸಿನ ಕಿಟಕಿಗೆ ಹಣೆಯಿಟ್ಟು ಅತ್ತಳು...

“ನಾನ್ಯಾಕ್ರೀ ಅಳಲಿ?” ಡೈವಾ ನನ್ನ ಮೇಲೇ ಹರಿಹಾಯ್ದಳು. “ನಿಮಗೆ ಕಥೆ ಮುಂದಕ್ಕೆ ಹೋಗದಿದ್ರೆ ನಾನು ಅಳಬೇಕಾ? ನನಗೆ ಆ ಮನೇಲಿ ಕೂರೋಕೆ ಜಾಗ ಬೇಕು, ಅಷ್ಟೇ.”

“ಹಾಗಾದ್ರೆ ಆ ಪದದ ಅರ್ಥ ನಾನೇ ಹೇಳಿಕೊಡ್ಲಾ?”

“ಬೇಡ. ನಿಘಂಟು ನೋಡಾಯ್ತು. ಅದರಲ್ಲಿ ತೊಡೆ ತಟ್ಟೋ ವಿಷಯನೇ ಇಲ್ಲ. ನಾನೇ ಅತ್ತೇನ ಕೇಳ್ತೀನಿ.”

ನನಗೆ ಭಯವಾಯಿತು. ನೇರವಾಗಿ ಕೇಳಿಬಿಟ್ಟರೆ ಕಥೆಗಾರನಿಗೆ ಏನು ಕೆಲಸ? ಆದರೂ, ನಿಜ ಹೇಳುತ್ತೇನೆ, ಅವಳ ಧೈರ್ಯ ಇಷ್ಟವಾಯಿತು.

ಸರಿ, ಮುಂದಿನ ಭಾನುವಾರ
ಕರೆಯದಿದ್ದರೂ ಹೋದಳು. ಊಟವಾದ ಮೇಲೆ ಕೇಳಿದಳು: “ಎನಿಡ್, ಗ್ಯಾರೆತ್ ‘ರೈಟ್’ ಅಂದ್ರೆ ನಾನು ಏಳಬೇಕೋ, ಕೂರಬೇಕೋ?” (ಇಲ್ಲಿ ಸೊಸೆ ಅತ್ತೆಯನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಗಾಬರಿ ಬೇಡ.)

“ರೈಟ್ ಅಂತಾನಾ? ಯಾವಾಗ?”

“ಯಾವಾಗ್ಲೂ. ನೀವೂ ಅಂತೀರಿ.”

“ನಾನಾ? ಇಲ್ಲಪ್ಪ! ನಾವ್ಯಾರೂ ಹಂಗನ್ನಲ್ಲಮ್ಮ,” ಎಂದು ಎನಿಡ್ ತೊಡೆ ತಟ್ಟಿದರು. “ರೈಟ್, ಪಾತ್ರೆ ತೊಳೀತೀನಿ.” ಅಲ್ಲೇ ಕೂತಿದ್ದರು.

ಡೈವಾ ನಕ್ಕಳು. ಗ್ಯಾರೆತ್ ಬಿದ್ದು ಬಿದ್ದು ನಕ್ಕ. ಎನಿಡ್ ತಮ್ಮ ಕೈಗಳನ್ನೇ ನೋಡಿಕೊಂಡರು, ಅವು ತೊಡೆಯ ಮೇಲೆ ಇನ್ನೂ ಹಾಗೇ ಇದ್ದವು.

“ಅಯ್ಯೋ ಕಂದಾ, ಅದಕ್ಕಾ ನೀನು ಎದ್ದು ನಿಲ್ತಿದ್ದದ್ದು? ನನ್ನ ಕಂಡ್ರೆ ಆಗಲ್ಲ ಅಂತ ನಾನು...”

“ನೀವು ಹೊರಡು ಅಂತಿದೀರಿ ಅಂತ ನಾನು.”

ಒಂದು ಅಂತ್ಯ: ಇಬ್ಬರೂ ಅಪ್ಪಿಕೊಂಡರು. (ಎನಿಡ್ ಒಪ್ಪಲಿಲ್ಲ. “ಯಾರಪ್ಪ ಅಷ್ಟೆಲ್ಲ ಮಾಡ್ತಾರೆ?”)

ಇನ್ನೊಂದು: ಗ್ಯಾರೆತ್ ಆ ಪದವನ್ನೇ ಬಿಟ್ಟ. (ಸುಳ್ಳು. ಇಲ್ಲಿ ಉಸಿರು ಬಿಟ್ಟರೂ ಅದನ್ನು ಬಿಡುವುದಿಲ್ಲ.)

ನಡೆದದ್ದು ಇಷ್ಟು. ಸಂಜೆಯಾಗುತ್ತಾ ಬಂತು. ಡೈವಾ ಎರಡೂ ತೊಡೆ ತಟ್ಟಿದಳು. “ರೈಟ್,” ಎಂದಳು. ಮತ್ತೆ ಸೋಫಾಕ್ಕೆ ಇನ್ನಷ್ಟು ಒರಗಿ, ಕಾಲು ಮಡಚಿಕೊಂಡು ಕೂತಳು.

ಎನಿಡ್ ಎದ್ದು ಮತ್ತೆ ನೀರು ಕಾಯಲು ಇಟ್ಟರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೋಗುವಾಗ ‘ಬರ್ತೀನಿ’ ಅನ್ನುವ ಜನ ನಾವು, ಮುಗಿಸುವುದು ನಮಗೂ ಅಷ್ಟಕ್ಕಷ್ಟೇ. ಇಗೋ, ತೊಡೆ ತಟ್ಟಿದೆ. ರೈಟ್.

ಅಂದಹಾಗೆ, ಆ ಸೊಂಟದ ಆಪರೇಷನ್ ವಿಷಯ ಹೇಳಲೇ ಇಲ್ಲವಲ್ಲ, ಕೂತ್ಕೊಳ್ಳಿ.