ಮಂದ್ರದವರ ಬೆಂಚು

ನಮ್ಮ ಡ್ರೈ ಫೋರ್ಕ್ ಚರ್ಚಿನಲ್ಲಿ ಹಾಡುವವರು ಚೌಕವಾಗಿ, ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತಾರೆ. ಒಂದು ಬೆಂಚಿನಲ್ಲಿ ರಾಗ ಹಿಡಿಯುವ ಗಂಡಸರು, ಇನ್ನೊಂದರಲ್ಲಿ ತಾರಕ್ಕೇರುವ ಹೆಂಗಸರು, ಅವರೆದುರಿಗೆ ಮಂದ್ರದವರು. ನಾಲ್ಕನೆಯದು ಹಾಡಲು ಬಾರದವರಿಗೆ. ಮದುವೆಯಾಗಿ ಬಂದಾಗಿನಿಂದ ನನ್ನ ಜಾಗ ಅದೇ. ನಡುವೆ ನಿಂತು ಕೈಯಾಡಿಸಿ ತಾಳ ಹಾಕುವವರು ನನ್ನ ಗಂಡ ಆಬೆಡ್.

ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಬಂದಾಗ ನಮ್ಮ ಕೆಂಟಕಿ ರಾಜ್ಯದ್ದು ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಯಾವ ಕಡೆಗೂ ಇಲ್ಲ ಎಂದು ಬೇಸಿಗೆಯೆಲ್ಲ ಹೇಳಿಕೊಂಡು ಕೂತಿತ್ತು. ಮಂದ್ರದವರಿಗೆ ಅಷ್ಟು ತಾಳ್ಮೆ ಇರಲಿಲ್ಲ. ಆ ಬೆಂಚಿನಲ್ಲಿದ್ದವರೆಲ್ಲ ಟಾರ್ವಾಟರ್ ಮನೆಯವರು, ಅಪ್ಪ ಮತ್ತು ಮೂವರು ಮಕ್ಕಳು. ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳ ಸೈನ್ಯಕ್ಕೆ ಒಟ್ಟಿಗೇ ಸೇರಿದರು. ಅವರ ಮನೆಯಲ್ಲಿ ಒಬ್ಬ ಗುಲಾಮನೂ ಇರಲಿಲ್ಲ. ಗುಲಾಮರನ್ನು ಇಟ್ಟುಕೊಂಡವರ ಪರವಾಗಿ ಸಾಯಲು ಹೋದರು. ನಮ್ಮ ಮಗ ಲೆಮ್, ಒಕ್ಕೂಟ ಬಿಟ್ಟು ಯಾರೂ ಹೋಗುವಂತಿಲ್ಲ ಎಂದವರ ನೀಲಿ ಅಂಗಿ ತೊಟ್ಟ.

ಮಂದ್ರವಿಲ್ಲದ ಹಾಡು ತಳವಿಲ್ಲದ ಕೊಡದ ಹಾಗೆ. ಚರ್ಚಿನ ಹಿರಿಯ ಹೈರಮ್ ತಡೆಯಲಾರದೆ ಕೇಳಿಯೇಬಿಟ್ಟ.

"ಆಬೆಡ್, ಆ ಬೆಂಚಿಗೆ ಬೇರೆಯವ್ರನ್ನ ಕೂರಿಸೋಣ ಕಣಯ್ಯ. ಅವ್ರು ಹೋದ್ರಲ್ಲ."

"ಎಲ್ಲಿಗ್ ಹೋದ್ರು? ನಾನಂತೂ ಕಳಿಸಿಲ್ಲ."

"ಮತ್ತೆ ಕಾಣ್ತಾ ಇಲ್ವಲ್ಲ!"

"ತಡವಾಗಿ ಬರ್ತಾರೆ, ಅಷ್ಟೇ."

ಪ್ರತಿ ಹಾಡಿನಲ್ಲೂ ಮಂದ್ರದ ಸರದಿ ಬಂದಾಗ ಇವರು ಖಾಲಿ ಬೆಂಚಿನತ್ತ ತಿರುಗಿ ಕೈ ಎತ್ತುತ್ತಿದ್ದರು. ಯಾರೂ ನಗಲಿಲ್ಲ.

ಎರಡನೆಯ ವರ್ಷ ಪೆರಿವಿಲ್ ಕಾಳಗದಲ್ಲಿ ಲೆಮ್ ಸತ್ತ. ಮುಂದಿನ ಭಾನುವಾರವೇ ಇವರು ರಾಗದ ಬೆಂಚಿನಲ್ಲಿ ಅವನಿಗೆಂದು ಬಿಟ್ಟಿದ್ದ ಜಾಗದಲ್ಲಿ ಹೈರಮನ ಅಳಿಯನನ್ನು ಕೂರಿಸಿದರು. ಮನೆಗೆ ಹೋಗುವಾಗ ಗಾಡಿಯಲ್ಲಿ ನನಗೆ ತಡೆಯಲಾಗಲಿಲ್ಲ.

"ಮಗ ಸತ್ ಮೇಲೆ ಅವನ್ ಜಾಗ ಒಂದ್ ವಾರಾನೂ ಖಾಲಿ ಬಿಡ್ಲಿಲ್ಲ. ಅವನ್ನ ಕೊಂದ ಕಡೆಯವ್ರ ಬೆಂಚು ಮಾತ್ರ ಕಾಯ್ಕೊಂಡ್ ಕೂತಿದೀರಿ. ನಿಮ್ ಎದೇಲಿರೋದು ಕಲ್ಲಾ?"

ಅವರು ಕುದುರೆಯ ಬೆನ್ನನ್ನೇ ನೋಡುತ್ತ ಹೇಳಿದರು: "ಲೆಮ್ ಬರಲ್ಲ ಕಣೇ. ಅವ್ರು ಬರ್ಬೇಕು. ಅವ್ರು ಹೋಗ್ಬಿಟ್ರು ಅಂತ ನಾನೇ ಒಪ್ಕೊಂಡ್ರೆ, ನಮ್ ಹುಡುಗ ಸತ್ತಿದ್ದು ಯಾತಕ್ಕೆ?"

ಮಾತು ಸರಿಯಾಗಿತ್ತು. ಅದಕ್ಕೇ ನಾನು ಆ ಚಳಿಗಾಲವೆಲ್ಲ ಅವರ ಜೊತೆ ಮಾತಾಡಲಿಲ್ಲ.

ಯುದ್ಧ ಮುಗಿದ ಬೇಸಿಗೆಯಲ್ಲಿ ಟಾರ್ವಾಟರ್ ಮನೆಯ ಕಿರಿಯವನು, ಜೂಬಲ್, ಒಬ್ಬನೇ ಹಿಂದಿರುಗಿದ. ಅಪ್ಪ, ಅಣ್ಣಂದಿರು ಜಾರ್ಜಿಯಾದ ಮಣ್ಣಿನಲ್ಲಿದ್ದರು. ಹಾಡಿನ ನಡುವೆ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದವನು ನಮ್ಮ ಬೆಂಚಿನ ತುದಿಯಲ್ಲಿ ಕೂತ. ಆಬೆಡ್ ತಾಳ ನಿಲ್ಲಿಸಿದರು.

"ಅದು ಹಾಡೋಕ್ ಬರ್ದೇ ಇರೋರಿಗೆ. ನಿನ್ ಜಾಗಕ್ಕೆ ಹೋಗು."

ಅವನು ಹೋದ. ಹೋಗಿ, ಕೂರದೆ ನಿಂತ. ಬೆಂಚಿನ ಮೇಲೆ ಬೆರಳು ದಪ್ಪ ಧೂಳು. ವಾರವಾರ ಚರ್ಚು ಗುಡಿಸಿ ಒರೆಸುವವಳು ನಾನೇ. ಲೆಮ್ ಸತ್ತ ಮೇಲೆ ಆ ಬೆಂಚನ್ನು ನಾನು ಮುಟ್ಟಿರಲಿಲ್ಲ. ಎಲ್ಲರೂ ಧೂಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಟಾರ್ವಾಟರ್ ಹೆಸರಿನವನು ಬಂದರೆ ಮುಖಕ್ಕೆ ಉಗಿಯುತ್ತೇನೆಂದು ಊರಿಗೆಲ್ಲ ಹೇಳಿದ್ದವಳೂ ನಾನೇ.

ಎದ್ದು ಹೋಗಿ ಏಪ್ರನ್ನಿನಿಂದ ಬೆಂಚು ಒರೆಸಿದೆ. ಒಬ್ಬ ಕೂರುವಷ್ಟು ಮಾತ್ರ.

"ಕೂತ್ಕೊ," ಅಂದೆ. "ಹೋಗು ಅಂತ ನಿಂಗೆ ಹೇಳಿದ್ದು ಯಾರೋ?"