ಅರ್ಧ ದಾರಿ

ಸೆರ್ವಾ ಟೀಚರ ಶಾಲೆಯ ಮಕ್ಕಳು ಪಾಠ ಕೇಳುವುದನ್ನು ಬಿಟ್ಟು ಪಾಠ ನೋಡುವುದನ್ನು ಕಲಿತಿದ್ದರು. ಟೀಚರ ದನಿ ಕೇಳಿಸದಿದ್ದರೆ ಅವಳ ತುಟಿಯನ್ನೇ ದಿಟ್ಟಿಸುವುದು. ಅವಳು 'ಬ' ಅಂದರೆ ಅರ್ಧ ಮಕ್ಕಳು 'ಪ' ಅನ್ನುತ್ತಿದ್ದರು, ಉಳಿದವರು 'ಮ' ಅನ್ನುತ್ತಿದ್ದರು. ತುಟಿ ಮುಚ್ಚಿ ತೆರೆಯುವ ಅಕ್ಷರಗಳೆಲ್ಲ ದೂರದಿಂದ ಒಂದೇ ಥರ ಕಾಣುತ್ತವೆ, ಪಾಪ, ಅವರ ತಪ್ಪೇನು ಅದರಲ್ಲಿ?

ತಪ್ಪು ಗೋಡೆಯ ಆಚೆಗಿನದು. ಶಾಲೆ ನಡೆಯುವ ಅವಳ ಮನೆಯ ಪಡಸಾಲೆಯ ಗೋಡೆಗೆ ಎರಡು ಮಾರು ದೂರದಲ್ಲಿ ಆಸ್ಪತ್ರೆಯ ಜನರೇಟರ್ ಕೂತಿತ್ತು. ಅದು ಲಾರಿಯಷ್ಟು ದೊಡ್ಡ ಯಂತ್ರ, ತಲೆಯ ಮೇಲೆ ಒಂದು ಹೊಗೆಕೊಳವೆ, ಸುತ್ತ ನಾಲ್ಕು ಗೋಡೆಯೂ ಇಲ್ಲ. ಆ ವರ್ಷ ನಮ್ಮ ಕುಮಾಸಿ ಪಟ್ಟಣದಲ್ಲಿ ಕರೆಂಟ್ ಅನ್ನುವುದು ನೆಂಟರ ಥರ ಬಂದು ಹೋಗುತ್ತಿತ್ತು. ಅದು ಹೋದೊಡನೆ ಯಂತ್ರ ಗುಡುಗಲು ಶುರು. ನೆಲ ನಡುಗುತ್ತಿತ್ತು, ಕಪ್ಪು ಹಲಗೆಯ ಮೇಲಿನ ಸೀಮೆಸುಣ್ಣ ತಾನಾಗಿ ಜರುಗಿ ಕೆಳಗೆ ಬೀಳುತ್ತಿತ್ತು. ಮಧ್ಯಾಹ್ನ ಚಾಪೆ ಹಾಸಿ ಮಲಗಿಸಿದ ಪುಟ್ಟ ಮಕ್ಕಳು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಸೂರು ನೋಡುತ್ತಿದ್ದವು.

ಮೂವತ್ತೊಂದು ಮಕ್ಕಳಿದ್ದ ಶಾಲೆಯಲ್ಲಿ ಈಗ ಹನ್ನೆರಡು. ಬಿಡಿಸಿಕೊಂಡು ಹೋದ ತಾಯಂದಿರು ಜಗಳವಾಡಿ ಹೋಗಲಿಲ್ಲ. "ಟೀಚರ್, ನಿಮ್ಮ ಮೇಲೆ ಬೇಜಾರಿಲ್ಲ. ನಮ್ಮ ಹುಡುಗಿ ಮನೇಲೂ ಕಿರುಚಿ ಮಾತಾಡ್ತಾಳೆ, ಅನ್ನ ಕೇಳೋಕೂ ಕಿರುಚ್ತಾಳೆ" ಎಂದರು. ಹತ್ತೊಂಬತ್ತು ವರ್ಷ ಕಟ್ಟಿದ ಶಾಲೆ. ಗಂಡನಿಲ್ಲ, ಮಕ್ಕಳಿಲ್ಲ. ಅವಳಿಗೆ ಇದ್ದದ್ದು ಅದೊಂದೇ.

ಅವಳೇನು ಆಸ್ಪತ್ರೆ ಮುಚ್ಚಿ ಎಂದಳೇ? ಇಲ್ಲ. ಓಣಿಯ ಅರ್ಧ ಕೂಸುಗಳು ಅಲ್ಲೇ ಹುಟ್ಟಿದ್ದವು. ಆಪರೇಷನ್ ಮಾಡುವಾಗ ದೀಪ ಆರಬಾರದು ಎಂದು ಅವಳಿಗೂ ಗೊತ್ತು. ಅವಳು ಕೇಳಿದ್ದು ಇಷ್ಟೇ: ಯಂತ್ರಕ್ಕೆ ಒಂದು ಕೋಣೆ ಕಟ್ಟಿಸಿ, ಇಲ್ಲವೇ ಅದನ್ನು ಹಿಂದಿನ ಬಯಲಿಗೆ ಸಾಗಿಸಿ. ಅಷ್ಟು ಕೇಳಿದ್ದಕ್ಕೇ ದೊಡ್ಡ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಜೀವ ದೊಡ್ಡದೋ, ನಿದ್ದೆ ದೊಡ್ಡದೋ, ನೀವೇ ಹೇಳಿ ಮೇಡಂ" ಎಂದಿದ್ದರು. ಅಂಥ ಪ್ರಶ್ನೆಗೆ ಯಾರು ಏನು ಉತ್ತರ ಕೊಟ್ಟಾರು? ಬಾಯಿ ಮುಚ್ಚಿಸಲೆಂದೇ ಕೇಳುವ ಪ್ರಶ್ನೆ ಅದು.

ಹಾಗೆ ನೋಡಿದರೆ ಯಂತ್ರ ಮೊದಲು ಬಂದು ಕೂತದ್ದು ಹಿಂದಿನ ಬಯಲಿನಲ್ಲೇ, ಅಂತ್ವಿ ಮಾವನ ಮನೆಯ ಗೋಡೆಗೆ ಹತ್ತಿಕೊಂಡು. ಒಂಬತ್ತು ದಿನ ಅಲ್ಲಿತ್ತು. ಹತ್ತನೆಯ ದಿನ ಟ್ರಾಕ್ಟರ್ ಬಂದು ಅದನ್ನು ಎಳೆದುಕೊಂಡು ಸೆರ್ವಾಳ ಗೋಡೆಯ ಹತ್ತಿರ ತಂದು ಇಳಿಸಿತು. ಆ ಸುದ್ದಿಯನ್ನು ಹೇಳಲು ಮಾವ ತಾನೇ ಕೋಲೂರಿಕೊಂಡು ಬಂದಿದ್ದ.

"ಅಲ್ಲಿ ನೆಲ ಮೆತ್ತಗಂತೆ ಕಣಮ್ಮ, ಇಂಜಿನಿಯರ್ ಹೇಳ್ದ. ನೀನೇನೂ ತಲೆ ಕೆಡಿಸ್ಕೋಬೇಡ. ನಾನಿದೀನಿ."

ನಮ್ಮಲ್ಲಿ ಅಪ್ಪ ಹೆಸರು ಕೊಡುತ್ತಾನೆ. ನೆಲ, ನೆರಳು, ಬುದ್ಧಿಮಾತು ಎಲ್ಲ ಸೋದರಮಾವನದು. ಅಂತ್ವಿ ಮಾವ ಸೆರ್ವಾಳ ತಾಯಿಯ ಬೆನ್ನಿಗೆ ಹುಟ್ಟಿದ ತಮ್ಮ. ಶಾಲೆ ನಿಂತ ನೆಲ ಅವನು ಕೊಟ್ಟದ್ದು. ಟೀಚರ ತರಬೇತಿಗೆ ಹೋಗುವಾಗ ಪೆಟ್ಟಿಗೆ ಹೊತ್ತು ಬಸ್ಸಿಗೆ ಏರಿಸಿದವನೂ ಅವನೇ. ಅವನು "ನಾನಿದೀನಿ" ಎಂದ ಮೇಲೆ ಅವಳು ಇನ್ನೇನನ್ನು ಕೇಳಬೇಕು?

ಓಣಿಯವರ ಸಮಿತಿಗೂ ಅವನೇ ಹಿರಿಯ. ಬೇವಿನ ಮರದ ಕೆಳಗೆ ಸಭೆ ಸೇರಿ ಅರ್ಜಿ ಬರೆದದ್ದು ಅವನ ಮುಂದೆಯೇ. ನಲವತ್ತಮೂರು ಜನ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಸೆರ್ವಾಳ ಬೇಲಿಯಾಚೆಯ ಗೆಳತಿ, ಕೆಂಕೆ ಮಾರುವ ಡುಫಿಗೆ ಶಾಯಿಯ ಡಬ್ಬಿ ಬರುವ ತನಕ ತಾಳ್ಮೆ ಇಲ್ಲ. ಒಲೆಯ ಮೇಲೆ ಕೆಂಕೆಯ ಹುಳಿಹಿಟ್ಟಿನ ಉಂಡೆ ಬೇಯುತ್ತಿತ್ತು. ತಾಳೆಎಣ್ಣೆ ಮೆತ್ತಿದ ಕೆಂಪು ಹೆಬ್ಬೆರಳನ್ನೇ ಕಾಗದಕ್ಕೆ ಒತ್ತಿ, "ಇದೇ ನನ್ನ ಶಾಯಿ, ಆಫೀಸಿನೋರು ಮೂಸಿ ನೋಡ್ಲಿ" ಎಂದಳು. ಎಲ್ಲರೂ ನಕ್ಕರು. ಮಾವನೂ ನಕ್ಕ, ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಎದೆಗೊತ್ತಿಕೊಂಡ.

"ಇದನ್ನ ನಗರಸಭೆಗೆ ನಾನೇ ಒಯ್ತೀನಿ. ಹಿರೀಕರ ಕೈಯಲ್ಲಿ ಹೋದ ಕಾಗದಕ್ಕೆ ಬಾಗಿಲು ಬೇಗ ತೆರೀತದೆ."

ಅದಾಗಿ ನಾಲ್ಕು ತಿಂಗಳು. ಕೇಳಿದಾಗಲೆಲ್ಲ ಮಾವ, "ಕಾಗದ ನಡೀತಾ ಇದೆ" ಎನ್ನುತ್ತಿದ್ದ. ಒಮ್ಮೆ ಅದು ಎರಡನೇ ಮಹಡಿಗೆ ಹೋಯಿತು. ಒಮ್ಮೆ ಸಾಹೇಬರು ರಜೆ, ಇನ್ನೊಮ್ಮೆ ಸಾಹೇಬರಿಗೆ ವರ್ಗ. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ ಎಂದು ಡುಫಿಗೆ ಅನ್ನಿಸಿತೋ ಏನೋ, ಒಂದು ದಿನ ಬೇಲಿಯ ಮೇಲಿಂದ ಕೂಗಿದಳು: "ಟೀಚರೇ, ನಿಮ್ಮ ಮಾವನ ಕಾಗದ ನಡೀತಾ ನಡೀತಾ ಅಕ್ರಾ ದಾಟಿ ಸಮುದ್ರಕ್ಕೆ ಬಿತ್ತೇನೋ ನೋಡಿ."

ಸೆರ್ವಾಳಿಗೆ ಸಿಟ್ಟು ನೆತ್ತಿಗೇರಿತು. "ಡುಫಿ, ನಮ್ಮ ಮಾವನ ಬಗ್ಗೆ ಇನ್ನೊಂದು ಮಾತು ಆಡಿದ್ರೆ ಈ ಬೇಲಿ ಹತ್ರ ಬರಬೇಡ."

ಡುಫಿ ಬರಲಿಲ್ಲ. ಹದಿನೈದು ವರ್ಷದ ಗೆಳೆತನ ಆ ಒಂದು ಮಾತಿಗೆ ಮುರಿದು ಬಿತ್ತು. ಮಾವನ ಮರ್ಯಾದೆ ಉಳಿಯಿತಲ್ಲ ಎಂದು ಸೆರ್ವಾ ಸಮಾಧಾನ ಮಾಡಿಕೊಂಡಳು.

ಆ ವಾರ ಗುರುವಾರ ಹೋದ ಕರೆಂಟ್ ಶನಿವಾರವಾದರೂ ಬರಲಿಲ್ಲ. ಯಂತ್ರ ಮೂರು ದಿನ ಉಸಿರು ಬಿಡದೆ ಗುಡುಗಿತು. ಓಣಿಯಲ್ಲಿ ಮೀನು ಕೆಟ್ಟಿತು, ಸಾರು ಹಳಸಿತು, ನೀರಿನ ಪೊಟ್ಟಣಗಳು ಕೈಯಲ್ಲಿ ಹಿಡಿದರೆ ಚಹಾದಷ್ಟು ಬೆಚ್ಚಗೆ. ಶುಕ್ರವಾರ ಸಂಜೆ ಮೂವರು ತಾಯಂದಿರು ಒಟ್ಟಿಗೇ ಬಂದು, ಸೋಮವಾರದಿಂದ ಮಕ್ಕಳು ಬರುವುದಿಲ್ಲ ಎಂದರು. ಒಂಬತ್ತು ಮಕ್ಕಳಿಗೆ ಶಾಲೆ ನಡೆಸಲಾಗದು. ಸೋಮವಾರ ಮಾವನನ್ನು ಜೊತೆಗೆ ಕರೆದುಕೊಂಡು ನಗರಸಭೆಗೆ ಹೋಗಿಯೇ ತೀರುವುದು ಎಂದು ಅವಳು ನಿಶ್ಚಯಿಸಿದಳು.

ಶನಿವಾರ ಹನ್ನೊಂದರ ಬಿಸಿಲಿನಲ್ಲಿ ಆಸ್ಪತ್ರೆಯನ್ನು ಬಳಸಿಕೊಂಡು ಹಿಂದಿನ ಓಣಿಗೆ ನಡೆದಳು. ಮೂರಂತಸ್ತಿನ ಕಟ್ಟಡ ದಾಟಿದಂತೆ ಯಂತ್ರದ ಸದ್ದು ಹಿಂದೆ ಬಿತ್ತು. ಮಾವನ ಅಂಗಳದಲ್ಲಿ ಕೋಳಿ ಕೆರೆಯುವ ಸದ್ದೂ ಕೇಳಿಸುತ್ತಿತ್ತು. ಅವಳು ಬಾಗಿಲಲ್ಲಿ ಒಂದು ಗಳಿಗೆ ಸುಮ್ಮನೆ ನಿಂತಳು, ಕಿವಿಗೆ ಹಿತವೆನಿಸಿತು.

"ಬಾರೇ ಸೆರ್ವಾ, ಬಾ ಬಾ, ಬಿಸಿಲಲ್ಲಿ ಬಾಡಿ ಹೋಗಿದೀಯಲ್ಲೇ" ಎಂದು ಮಾವನ ಹೆಂಡತಿ ಪೊಕುವಾ ಅತ್ತೆ ಕೈ ಹಿಡಿದು ಕೂರಿಸಿದಳು. ಮಾವ ಆರಾಮ ಕುರ್ಚಿಯಲ್ಲಿ ಎದ್ದು ಕೂತ. ಯಾರೂ ಏನೂ ಕೇಳಲಿಲ್ಲ. ಬಂದವರ ಗಂಟಲು ತಣಿಯುವ ಮೊದಲು ಬಂದ ಕಾರಣ ಕೇಳಬಾರದು. ಮೊದಲು ನೀರು, ಆಮೇಲೆ ಮಾತು. ಹೆತ್ತ ತಾಯಿ ಬಂದರೂ ಹಾಗೇ, ಸಾಲಗಾರ ಬಂದರೂ ಹಾಗೇ.

ಅತ್ತೆ ಒಳಗಿನಿಂದ ತಟ್ಟೆಯಲ್ಲಿ ಗಾಜಿನ ಲೋಟ ಇಟ್ಟುಕೊಂಡು ಬಂದಳು. ಸೆರ್ವಾಳಿಗೆ ಬಾಯಾರಿ ಸಾಕಾಗಿತ್ತು, ನೋಡದೆಯೇ ಎತ್ತಿ ಅರ್ಧ ಕುಡಿದಳು. ಹಲ್ಲು ಜುಮ್ಮೆಂದವು.

ಅವಳು ಲೋಟವನ್ನು ಕೆಳಗಿಳಿಸಿ ನೋಡಿದಳು. ಗಾಜಿನ ಮೈಯೆಲ್ಲ ಮಂಜು ಕಟ್ಟಿತ್ತು, ಹನಿಯೊಂದು ಜಾರಿ ಅವಳ ಮಣಿಕಟ್ಟಿಗೆ ಇಳಿಯಿತು.

"ಇಲ್ಲಿ ಎಲ್ಲ ನೆಮ್ಮದಿ" ಎಂದು ಮಾವ ವಾಡಿಕೆಯ ಮಾತು ಶುರುಮಾಡಿದ. "ದಾರಿಯಲ್ಲಿ ಬಂದೋಳು ನೀನು. ನಿನ್ನ ಸುದ್ದಿ ಹೇಳು."

ಸೆರ್ವಾ ಸುದ್ದಿ ಹೇಳಲಿಲ್ಲ. ಕೇಳುತ್ತಿದ್ದಳು. ಒಳಕೋಣೆಯಿಂದ ಸಣ್ಣಗೆ, ಬಿಡದೆ, ಗುಂಯ್ ಎನ್ನುವ ಒಂದು ಸದ್ದು. ಅವಳ ಮನೆಯಲ್ಲಾಗಿದ್ದರೆ ಅದು ಎಂದೂ ಕೇಳಿಸುತ್ತಿರಲಿಲ್ಲ. ಇಲ್ಲಿ ಚೆನ್ನಾಗಿ ಕೇಳಿಸುತ್ತಿತ್ತು.

"ಅತ್ತೆ" ಎಂದಳು, "ಕರೆಂಟ್ ಹೋಗಿ ಇವತ್ತಿಗೆ ಮೂರು ದಿನ ಅಲ್ವಾ?"

ಅತ್ತೆಯ ಕೈ ಬಾಯಿಗೆ ಹೋಯಿತು. ಹೊರಗಿನವರು ಬಂದರೆ ಪೊಟ್ಟಣದ ಬಿಸಿನೀರು ಕೊಡಬೇಕೆಂದು ಅವಳಿಗೆ ಎಷ್ಟು ಸಲ ಹೇಳಿದ್ದನೋ ಮಾವ. ಆದರೆ ಬಂದವಳು ಹೊರಗಿನವಳಲ್ಲವಲ್ಲ. ಎತ್ತಿ ಆಡಿಸಿದ ಹುಡುಗಿ ಬಿಸಿಲಲ್ಲಿ ಬಂದಿದ್ದಾಳೆಂದು ಅತ್ತೆಯ ಕೈ ತಾನಾಗಿ ಫ್ರಿಜ್ಜಿನ ಬಾಗಿಲಿಗೆ ಹೋಗಿತ್ತು. ಪ್ರೀತಿಯಿಂದ ಆದ ತಪ್ಪು ಅದು.

"ಮಾರ್ಕೆಟ್ಟಿಂದ ಐಸ್ ತರಿಸಿದ್ವಿ ಕಣಮ್ಮ" ಎಂದ ಮಾವ.

"ಐಸ್ ಗುಂಯ್ ಅನ್ನಲ್ಲ ಮಾವ."

ಮಾವ ಕೋಲಿನ ತುದಿಯನ್ನು ನೆಲಕ್ಕೆ ತಿರುವುತ್ತ ಕೂತ. ಸೆರ್ವಾ ಎದ್ದು ಕಿಟಕಿಯ ಹತ್ತಿರ ಹೋದಳು. ಆಸ್ಪತ್ರೆಯ ಗೋಡೆಯಿಂದ ಒಂದು ಕಪ್ಪು ತಂತಿ ಪಪ್ಪಾಯಿ ಗಿಡದ ಹಿಂದೆ ಅಡಗಿಕೊಂಡು ಬಂದು ಮಾವನ ಅಡುಗೆಮನೆಯ ಗೋಡೆಗೆ ಹೊಕ್ಕಿತ್ತು. ಯಂತ್ರದ ಗುಡುಗು ಅವಳ ಮಕ್ಕಳಿಗೆ, ತಂಪು ಇವನಿಗೆ.

"ನನ್ನ ಸಕ್ಕರೆ ಕಾಯಿಲೆ ನಿಂಗೊತ್ತಲ್ಲ" ಎಂದ ಮಾವ. "ಇಂಜೆಕ್ಷನ್ನು ತಂಪಲ್ಲಿಡಬೇಕು. ಬಿಸಿಲಿಗೆ ಕೆಟ್ಟು ಹೋದ್ರೆ ನನ್ನ ಕತೆ ಮುಗೀತು. ದೊಡ್ಡ ಡಾಕ್ಟರು ತಾವಾಗೇ ತಂತಿ ಕೊಡ್ತೀನಿ ಅಂದ್ರು."

"ಒಳ್ಳೇದಾಯ್ತು ಮಾವ. ನಂಗೆ ಹೇಳಿದ್ರೆ ನಾನೇ ನಿಂತು ತಂತಿ ಎಳೆಸ್ತಿದ್ದೆ. ನಿಮ್ಮ ಜೀವಕ್ಕಿಂತ ನಂಗೆ ನಿದ್ದೆ ದೊಡ್ಡದಾ?" ಅವಳು ಕಿಟಕಿ ಬಿಟ್ಟು ಬಂದು ಕೂತಳು. "ಇದು ಹೇಳಿ. ಯಂತ್ರ ಇಲ್ಲಿಂದ ಅಲ್ಲಿಗೆ ಯಾಕೆ ಹೋಯ್ತು?"

ಮಾವ ಅತ್ತೆಯನ್ನು ನೋಡಿದ. ಅತ್ತೆ ನೆಲ ನೋಡಿದಳು.

"ಒಂಬತ್ತು ದಿನ ಕಣ್ಣು ಮುಚ್ಚಿರ್ಲಿಲ್ಲ ಕಣಮ್ಮ" ಎಂದ ಕೊನೆಗೆ. "ಎಲ್ಲಿಗೆ ಸಾಗಿಸ್ಲಿ ಅಂತ ಡಾಕ್ಟ್ರು ಕೇಳಿದ್ರು. ನಿನ್ನ ಕಡೆ ಹಗಲು ಶಾಲೆ, ಮಕ್ಕಳು ಹೇಗೂ ಗಲಾಟೆ ಮಾಡ್ತಾವಲ್ಲ, ಅಷ್ಟೇನೂ ಗೊತ್ತಾಗಲ್ಲ ಅಂದ್ಕೊಂಡೆ."

ಹತ್ತೊಂಬತ್ತು ವರ್ಷ ಅವಳು ಆ ಪಡಸಾಲೆಯಲ್ಲಿ ಮಾಡಿದ್ದನ್ನು ಅವನು ಗಲಾಟೆ ಎಂದು ತಿಳಿದಿದ್ದ. ತಂತಿಗಿಂತ ಆ ಮಾತು ಅವಳನ್ನು ಹೆಚ್ಚು ಸುಟ್ಟಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ಹಿರಿಯರು ಕೇಳುತ್ತಾರೆ. ಇಲ್ಲಿ ಬೇಲಿ ಮೇಯ್ದದ್ದಲ್ಲದೆ, ಅಲ್ಲಿ ಬೆಳೆ ಎಲ್ಲಿತ್ತು ಎಂದು ಬೇರೆ ಕೇಳುತ್ತಿತ್ತು.

"ಅರ್ಜಿ ಎಲ್ಲಿದೆ ಮಾವ?"

"ಆಫೀಸಲ್ಲಿ. ನಡೀತಾ..."

ಅಷ್ಟರಲ್ಲಿ ಅತ್ತೆ ಎದ್ದು ಹೋದಳು. ಬೀರುವಿನ ಬಾಗಿಲು ಕಿರ್ರೆಂದಿತು. ತಿರುಗಿ ಬಂದವಳ ಕೈಯಲ್ಲಿ ಪ್ಲಾಸ್ಟಿಕ್ ಕವರು. ಗಂಡನ ಮುಖ ನೋಡದೆ ಅದನ್ನು ಸೆರ್ವಾಳ ತೊಡೆಯ ಮೇಲಿಟ್ಟಳು. ನಲವತ್ತಮೂರು ಹೆಸರು. ಡುಫಿಯ ಕೆಂಪು ಹೆಬ್ಬೆಟ್ಟು ಅಂಚಿನಲ್ಲಿ ಎಣ್ಣೆ ಹರಡಿಕೊಂಡು ಕಾಸಿನಗಲ ಆಗಿತ್ತು. ಕಾಗದ ಒಂದು ಮಡಿಕೆಯೂ ಬೀಳದೆ ಹೊಸದಾಗಿಯೇ ಇತ್ತು. ಅದು ಒಂದು ಹೆಜ್ಜೆಯೂ ನಡೆದಿರಲಿಲ್ಲ.

ತಾನು ಡುಫಿಗೆ ಆಡಿದ ಮಾತು ನೆನಪಾಗಿ ಸೆರ್ವಾಳ ಕಣ್ಣು ತುಂಬಿತು. ಮಾವನಿಗಾಗಿ ಅವಳು ಅಳಲಿಲ್ಲ.

ಲೋಟದಲ್ಲಿ ಉಳಿದಿದ್ದ ನೀರನ್ನು ತಟ್ಟೆಗೆ ಮೆಲ್ಲಗೆ ಸುರಿದು, ಖಾಲಿ ಲೋಟವನ್ನು ಅದರ ಪಕ್ಕ ಇಟ್ಟಳು. ಕವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದು ನಿಂತಳು. ಎದ್ದ ಮಾತ್ರಕ್ಕೆ ಹೋಗುವಂತಿಲ್ಲ. ಮನೆಯ ಹಿರಿಯನನ್ನು ದಾರಿ ಕೇಳಬೇಕು, ಅವನು ಕೊಡಬೇಕು. ಸಿಟ್ಟಿನಲ್ಲಿ ಧಡಧಡ ಎದ್ದು ನಡೆಯುವ ಹಾಗೆ ಅವಳ ತಾಯಿ ಅವಳನ್ನು ಬೆಳೆಸಿರಲಿಲ್ಲ.

"ದಾರಿ ಕೊಡಿ ಮಾವ."

ಮಾವನಿಗೆ ಹೋದ ಜೀವ ಬಂದಂತಾಯಿತು. ಬೈಗುಳವಿಲ್ಲ, ಶಾಪವಿಲ್ಲ, ಹುಡುಗಿ ಮರ್ಯಾದೆಯಿಂದ ದಾರಿ ಕೇಳುತ್ತಿದ್ದಾಳೆ. "ಅರ್ಧ ಕೊಟ್ಟಿದೀನಿ, ಹೋಗಿ ಬಾ ಮಗಳೇ" ಎಂದ ಆತುರದಿಂದ.

ನೆಂಟರಿಗೆ ಕೊಡುವುದು ಅರ್ಧ ದಾರಿಯೇ. ಚಿಕ್ಕವಳಿದ್ದಾಗ ಇದೇ ಬಾಗಿಲಲ್ಲಿ ಅವಳು ತಾಯಿಯ ಸೆರಗು ಜಗ್ಗಿ, ಮಾವ ಯಾಕಮ್ಮ ಅಷ್ಟು ಜಿಪುಣ, ಅರ್ಧ ಮಾತ್ರ ಕೊಡ್ತಾನೆ ಎಂದು ಕೇಳಿದ್ದಳು. ತಾಯಿ ನಕ್ಕು, "ಉಳಿದರ್ಧ ಮಾವನ ಹತ್ರ ಇರುತ್ತೆ ಕಣೆ. ಅದನ್ನ ಇಸ್ಕೊಳ್ಳೋಕೆ ನಾವು ಮತ್ತೆ ಬರಬೇಕಲ್ಲ. ಪೂರ್ತಿ ದಾರಿ ಕೊಡೋದು ಸತ್ತೋರಿಗೆ ಮಾತ್ರ" ಎಂದಿದ್ದಳು.

"ಅರ್ಧ ಬೇಡ ಮಾವ" ಎಂದಳು ಸೆರ್ವಾ. "ಪೂರ್ತಿ ಕೊಡಿ."

ಪೊಕುವಾ ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟಳು. "ಬ್ಯಾಡ ಕಣೆ ಸೆರ್ವಾ, ಹಂಗೆ ಕೇಳಬ್ಯಾಡ. ನಿನ್ನ ತಾಯಿ ಹುಟ್ಟಿದ ಮನೆ ಇದು."

"ನಂಗೂ ಗೊತ್ತು ಅತ್ತೆ. ಅದಕ್ಕೇ ಕೇಳ್ತಿದೀನಿ. ಕೇಳದೆ ಹೋಗ್ತಾ ಇಲ್ಲ."

ಮಾವ ಸೋಮವಾರವೇ ಕಾಗದ ಆಫೀಸಿಗೆ ಕೊಡ್ತೀನಿ ಎಂದ. ತಂತಿ ಕೀಳಿಸ್ತೀನಿ ಎಂದ. ದೊಡ್ಡ ಡಾಕ್ಟರ ಹತ್ತಿರ ತಾನೇ ಮಾತಾಡ್ತೀನಿ ಎಂದ. ಅವಳು ಕವರು ಕಂಕುಳಲ್ಲಿಟ್ಟುಕೊಂಡು, ಕೊಡುವ ತನಕ ಹೋಗಲಾರದವಳಂತೆ ಬಾಗಿಲಿಗೆ ಮುಖಮಾಡಿ ನಿಂತೇ ಇದ್ದಳು. ಒಳಗೆ ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಅಂಗಳದ ಕೋಳಿಯೂ ಎಲ್ಲೋ ಹೋಗಿತ್ತು.

ಕೊನೆಗೆ ಮಾವ, "ತಗೋ" ಎಂದ, "ಪೂರ್ತಿ ತಗೋ."

ಅವನು ಅದನ್ನು ಹೇಳಿದ್ದು ತುಟಿ ಕೂಡ ಸರಿಯಾಗಿ ತೆರೆಯದೆ. ಆದರೆ ಆ ಮನೆಯಲ್ಲಿ ಯಾವ ಗದ್ದಲವೂ ಇರಲಿಲ್ಲವಾದ್ದರಿಂದ, ಬೆನ್ನು ತಿರುಗಿಸಿ ನಿಂತಿದ್ದ ಸೆರ್ವಾಳಿಗೆ ಪ್ರತಿ ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು.