ಮೂರನೆಯ ಸದಸ್ಯ

"ಪಾರ್ಟಿ" ಎಂದ ಕೂಡಲೇ ಸುಕುಮಾರ ಕೇಳಿದ್ದು, "ಎಷ್ಟು ಜನ, ಸಾಬ್?"

"ತೀನ್. ಬಸ್, ತೀನ್ ಆದ್ಮಿ," ಎಂದ ಆಲ್ದೋ.

ಮೂವರಿಗಾದರೆ ಒಂದು ಕೋಳಿ ಸಾಕೆಂದು ಸುಕುಮಾರ ಫ್ರೀಜರಿನ ಬಾಗಿಲು ತೆಗೆದೂ ಆಗಿತ್ತು. ಕುವೈತಿನ ಸಬ್ಹಾನಿನಲ್ಲಿ ಪೈಪ್ ಹಾಕುವ ಇಟಲಿ ಕಂಪನಿಯೊಂದರ ಕ್ಯಾಂಪಿಗೆ ಅವನು ಅಡುಗೆಯವ. ಆಲ್ದೋ ಅಲ್ಲಿಯ ಸರ್ವೇಯರ್, ಅರವತ್ತು ದಾಟಿದ ಬೋಳುತಲೆಯವನು. ಒಂಬತ್ತು ವರ್ಷದ ಕುವೈತ್ ವಾಸದಲ್ಲಿ ಅರಬ್ಬಿ, ಹಿಂದಿ, ಇಂಗ್ಲಿಷ್ ಮೂರನ್ನೂ ಒಂದೇ ಪಾತ್ರೆಗೆ ಸುರಿದು ಮಾತಾಡುವುದನ್ನು ಕಲಿತಿದ್ದ. ಅದನ್ನು ಸೋಸಿ ಅರ್ಥ ಹೇಳಬಲ್ಲವನು ಸ್ಟೋರ್ ಕೀಪರ್ ಅಬೂಬಕ್ಕರ್ ಒಬ್ಬನೇ. ಅವನನ್ನು ಕರೆಸಬೇಕಾಯಿತು.

ಅಬೂಬಕ್ಕರ್ ಪೂರ್ತಿ ಕೇಳಿಸಿಕೊಂಡು ನಕ್ಕ. "ಕೋಳಿ ಒಳಗೆ ಇಡಿ ಸುಕುಮಾರಣ್ಣ. ಇದು ತಿನ್ನುವ ಪಾರ್ಟಿ ಅಲ್ಲ, ಓಟಿನ ಪಾರ್ಟಿ."

ಸಂಗತಿ ಹೀಗಿತ್ತು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ಆಲ್ದೋನ ಅಪ್ಪ ಸಣ್ಣದೊಂದು ಪಕ್ಷದಲ್ಲಿದ್ದ. ದುಡಿಯುವವನಿಗೆ ನ್ಯಾಯ ಸಿಗಬೇಕು, ಆದರೆ ಬಂದೂಕಿನಿಂದಲ್ಲ, ಓಟಿನಿಂದ ಎನ್ನುವ ಪಕ್ಷ. ಅದಕ್ಕಾಗಿ ಎರಡು ವರ್ಷ ಜೈಲಿನಲ್ಲೂ ಕೂತಿದ್ದ. ಆಮೇಲೆ ಆ ಪಕ್ಷ ದೊಡ್ಡದೊಂದರಲ್ಲಿ ಕರಗಿ ಹೆಸರೂ ಇಲ್ಲದಂತಾಯಿತು. ಈಗ ಅವನ ಊರಿನ ಹನ್ನೊಂದು ಮಂದಿ ಮುದುಕರು ಅದೇ ಹಳೆಯ ಹೆಸರಿನಲ್ಲಿ ಅದನ್ನು ಮತ್ತೆ ಎಬ್ಬಿಸಿದ್ದರು. ಪರದೇಶದಲ್ಲೂ ಶಾಖೆ ತೆರೆಯಬಹುದು, ಯಾವ ದೇಶದ ದುಡಿಮೆಗಾರನಾದರೂ ಸೇರಬಹುದು, ಆದರೆ ಕನಿಷ್ಠ ಮೂರು ಸದಸ್ಯರು ಬೇಕು ಎಂದು ಕಾಗದ ಬಂದಿತ್ತು. ಆಲ್ದೋ ಒಬ್ಬ, ವೆಲ್ಡಿಂಗ್ ಫೋರ್‌ಮನ್ ಪಿಯೆತ್ರೊ ಇನ್ನೊಬ್ಬ. ಅದು ೧೯೯೦ರ ಜೂನ್ ತಿಂಗಳು. ಉಳಿದ ಇಟಲಿಯವರಿಗೆ ವರ್ಲ್ಡ್ ಕಪ್ ಫುಟ್‌ಬಾಲ್ ಬಿಟ್ಟರೆ ಬೇರೆ ಧ್ಯಾನವಿರಲಿಲ್ಲ; ಮೂರನೆಯವನಾಗಿ ಸುಕುಮಾರ ಸೇರಬೇಕಂತೆ.

ಸುಕುಮಾರ ಫ್ರೀಜರಿನ ಬಾಗಿಲನ್ನು ದಡಾರನೆ ಮುಚ್ಚಿದ. "ಇಲ್ಲಿ ಪಾರ್ಟಿ ಗೀರ್ಟಿ ಅಂತ ಹೋದ್ರೆ ವೀಸಾ ಕೊಟ್ಟ ಕಫೀಲ್, ಇಲ್ಲಿರ್ಲಿಕ್ಕೆ ಬೇಕಾದ ಇಕಾಮಾ ಕ್ಯಾನ್ಸಲ್ ಮಾಡಿ ಊರಿಗೆ ಓಡಿಸ್ತಾನೆ ಬ್ಯಾರಿಗಳೇ! ಊರಲ್ಲಿ ಹೆಂಡ್ತಿ ರಾಜೀವಿಗೆ ಎಂತ ಹೇಳುದು? ಇಟಲಿ ಪಾರ್ಟಿ ಸೇರಿ ಕೆಲಸ ಕಳಕೊಂಡು ಬಂದೆ ಅಂತಲಾ?"

"ಮೂರು ಜನ ಕೂತು ಚಾ ಕುಡಿದ್ರೆ ಯಾರು ಹಿಡೀತಾರೆ ಮಾರಾಯ್ರೆ? ಪಾಪ, ಅಪ್ಪನ ಹೆಸರು ಉಳಿಸ್ಲಿಕ್ಕೆ ನೋಡ್ತಾನೆ ಮುದುಕ. ಒಂದು ಸೈನ್ ಹಾಕಿ."

ಕಳೆದ ವರ್ಷ ಸುಕುಮಾರನ ಅಪ್ಪ ತೀರಿಕೊಂಡಾಗ ಮ್ಯಾನೇಜರನ ಜೊತೆ ಜಗಳ ಮಾಡಿ ರಜೆ ಕೊಡಿಸಿದವನು ಆಲ್ದೋ. ಸುಕುಮಾರ ಕೈ ಒರೆಸಿಕೊಂಡು ಸೈನ್ ಹಾಕಿದ.

ಶುಕ್ರವಾರ ಆಲ್ದೋನ ಕೋಣೆಯಲ್ಲಿ ಮೊದಲ ಸಭೆ. ಆಲ್ದೋ ಎದ್ದು ನಿಂತು ನಿಯಮ ಓದಿದ, ಅಬೂಬಕ್ಕರ್ ಕನ್ನಡಕ್ಕೆ ತಂದ. ಮೂರನೆಯ ನಿಯಮವನ್ನು ಮುದುಕ ಎರಡು ಸಲ ಓದಿದ. ಒಟ್ಟಿಗೆ ದುಡಿಯುವವರು ಒಂದೇ ಮೇಜಿನಲ್ಲಿ ಉಣ್ಣಬೇಕು. ಪಿಯೆತ್ರೊ ಸೇರಿ ಮೂವರು ಸದಸ್ಯರೂ ಕೈ ಎತ್ತಿದರು. ಸುಕುಮಾರ ಎತ್ತಿದ ಕೈ ಇಳಿಸಲೇ ಇಲ್ಲ.

"ಎಂತ?" ಎಂದ ಅಬೂಬಕ್ಕರ್.

"ಹಾಗಾದ್ರೆ ನಾಳೆಯಿಂದ ನನ್ನ ಬಟ್ಟಲು ಎಲ್ಲಿ ಇಡುದು ಅಂತ ಕೇಳಿ."

ಇಟಲಿಯವರ ಊಟದ ಹಾಲಿಗೆ ಎರಡು ಎಸಿ ಇದ್ದವು. ಅವರಿಗೆ ಬಡಿಸಿಯಾದ ಮೇಲೆ ಸುಕುಮಾರ, ಅಬೂಬಕ್ಕರ್ ಮತ್ತಿತರರು ಉಣ್ಣುತ್ತಿದ್ದುದು ಅಡುಗೆಮನೆಯ ಹಿಂದಿನ ತಗಡಿನ ನೆರಳಲ್ಲಿ, ಹಳೆಯ ಬಾಗಿಲೊಂದನ್ನು ಡ್ರಮ್ಮುಗಳ ಮೇಲೆ ಮಲಗಿಸಿ. ಒಂಬತ್ತು ವರ್ಷದಲ್ಲಿ ಆಲ್ದೋಗೆ ಅದು ಒಂದು ದಿನವೂ ಹೊಳೆದಿರಲಿಲ್ಲ. ಅವನು ಕಾಗದ ಮಡಚಿ, "ನನ್ನ ಪಕ್ಕ" ಎಂದ. ದನಿ ಮಾತ್ರ ಸಣ್ಣಗಿತ್ತು.

ಮರುದಿನ ಮಧ್ಯಾಹ್ನ ಎಲ್ಲರಿಗೂ ಬಡಿಸಿ, ಕುಚ್ಚಲಕ್ಕಿ ಅನ್ನ, ಒಣಮೀನಿನ ಚಟ್ನಿಯ ಬಟ್ಟಲು ಹಿಡಿದು ಸುಕುಮಾರ ಹಾಲಿಗೆ ಬಂದ. ಅವನಿಗಿಂತ ಮೊದಲು ಮೀನಿನ ವಾಸನೆ ತಲುಪಿತು. ಗ್ಯಾಸ್ ಲೀಕಾಗಿದೆಯೆಂದು ಒಬ್ಬ ಎದ್ದು ಕಿಟಕಿ ತೆರೆದ. ಮ್ಯಾನೇಜರ್ ಹಿಂಬಾಗಿಲು ತೋರಿಸಿದ. ಪಿಯೆತ್ರೊ ಮೂಗು ಮುಚ್ಚಿಕೊಂಡೇ ನಿಯಮವೆಲ್ಲ ಇಟಲಿಗೆ, ಕುವೈತಿಗಲ್ಲ ಎಂದು ವಾದಿಸಿದ. ಕೊನೆಗೆ ಕೈ ಒರೆಸುವ ಕಾಗದದ ಮೇಲೆ ರಾಜೀನಾಮೆ ಬರೆದು ಆಲ್ದೋನ ಮುಂದೆ ತಳ್ಳಿದ.

ಆಲ್ದೋನ ಬೋಳುತಲೆ ಕೆಂಪಾಯಿತು. ಅವನು ತಟ್ಟೆ ಎತ್ತಿಕೊಂಡು, ಸುಕುಮಾರನ ತೋಳು ಹಿಡಿದು ನೇರ ಹಿಂದಕ್ಕೆ ನಡೆದ. ತಗಡಿನ ಕೆಳಗೆ ಕೂತ ಮೇಲೆ ಏನೋ ಹೇಳಿದ.

"ಮೇಜು ಒಂದೇ ಇರ್ಬೇಕು ಅಂತ ಬರ್ದದ್ದಂತೆ," ಅಬೂಬಕ್ಕರ್ ಅರ್ಥ ಹೇಳಿದ, "ಎಸಿ ಇರ್ಬೇಕು ಅಂತ ಬರ್ದಿಲ್ಲವಂತೆ."

ಆಲ್ದೋ ಚಟ್ನಿಯ ರುಚಿ ನೋಡಿದ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಶಾಖೆಯಲ್ಲಿ ಮತ್ತೆ ಇಬ್ಬರೇ ಉಳಿದರೆಂಬ ದುಃಖವೂ ಅದರಲ್ಲಿತ್ತೇನೋ.

ಅಬೂಬಕ್ಕರ್ ಜೇಬಿನಿಂದ ಪೆನ್ನು ತೆಗೆದ. "ಸದಸ್ಯರ ಕಾಗದ ಇತ್ತ ಕೊಡಿ, ನಾನೂ ಸೈನ್ ಹಾಕ್ತೇನೆ. ಎರಡು ಕಡೆಯ ಮಾತೂ ನಾನೇ ಆಡುದು, ಓಟು ಮಾತ್ರ ನಿಮಗಾ?"

ಮ್ಯಾನೇಜರ್ ಸುಕುಮಾರನನ್ನು ಕರೆಸಿ ಊರಿಗೆ ಕಳಿಸುವುದಾಗಿ ಗದರಿಸಿದ. ಆದರೆ ಇಟಲಿಯವರ ನಾಲಿಗೆಗೆ ಹೊಂದುವ ಅಡುಗೆ ಬರುವವರು ಕ್ಯಾಂಪಿನಲ್ಲಿ ಬೇರೆ ಯಾರಿದ್ದರು? ವಿಷಯ ಬೈಗುಳದಲ್ಲೇ ಮುಗಿಯಿತು. ಆಲ್ದೋ ಮಾತ್ರ ದಿನವೂ ಹಿಂದೆಯೇ ಉಂಡ.

ಜುಲೈ ಕೊನೆಯ ಶುಕ್ರವಾರ, ಉತ್ತರದ ಗಡಿಯಲ್ಲಿ ನೆರೆದೇಶದ ಸೈನ್ಯ ಜಮಾಯಿಸಿದೆಯೆಂದು ರೇಡಿಯೊ ಹೇಳುತ್ತಿದ್ದಾಗ, ಪಿಯೆತ್ರೊ ತಟ್ಟೆ ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಬಂದ. ಬೆನ್ನು ತಂಪಿನಲ್ಲಿ, ಮುಖ ಬಿಸಿಲಿನಲ್ಲಿ, ಮುಂದೆ ಬಾರದೆ ನಿಂತ. ಸುಕುಮಾರ ಸರಿದು ಪಕ್ಕದ ಜಾಗವನ್ನು ಹೆಗಲ ಮೇಲಿನ ಬೈರಾಸಿನಿಂದ ಒರೆಸಿದ. ಆಲ್ದೋ ಕತ್ತೆತ್ತಲಿಲ್ಲ, ಮುಂದಿನ ಸಭೆಯ ದಿನ ಬರೆಯುತ್ತಿದ್ದ. ಶುಕ್ರವಾರ, ಆಗಸ್ಟ್ ಮೂರು. ಹಣೆಯಿಂದ ಬೆವರಿನ ಹನಿಯೊಂದು ಬಿದ್ದು ಶಾಯಿ ಹರಡಿತು. ಅವನು ಉಫ್ ಎಂದು ಊದಿ ಒಣಗಿಸಿ, ಅದರ ಮೇಲೆಯೇ ತಾರೀಕನ್ನು ಇನ್ನಷ್ಟು ದಪ್ಪಗೆ ತಿದ್ದಿದ.